ಎರಡನೇ ಗಂಟು

ಸಂಜೆ ಐದರಿಂದ ಏಳರ ತನಕದ ಹೊತ್ತು ಒಂಟಿ ಹೆಂಗಸಿಗೆ ಎಷ್ಟು ಉದ್ದ ಎಂಬುದನ್ನು ಮನೆ ತುಂಬ ಜನ ಇರುವವರಿಗೆ ಹೇಳಿ ಪ್ರಯೋಜನವಿಲ್ಲ. ಬೆಳಗಿನ ಹೊತ್ತು ಹೇಗೋ ಕಳೆಯುತ್ತದೆ: ಕಸ, ನೀರು, ಹಿಟ್ಟು, ಹೊಲ. ಮಧ್ಯಾಹ್ನ ಮೈಕೈ ನೋವಿಗೆ ಒಂದು ಜೊಂಪು. ಐದಾಯಿತೋ, ಬೀದಿಯವರೆಲ್ಲ ತಮ್ಮ ತಮ್ಮವರನ್ನು ಕೂಗಿ ಕರೆಯಲು ಶುರು ಮಾಡುತ್ತಾರೆ, ಮಗುವನ್ನೋ ಹಸುವನ್ನೋ ಗಂಡನನ್ನೋ. ರೂಪಶ್ರೀಗೆ ಕೂಗಲು ಯಾರೂ ಇರಲಿಲ್ಲ. ಪಿರಿಯಾಪಟ್ಟಣದ ಗಂಡನ ಮನೆ ಸಾಕಾಗಿ ಅವಳು ತವರಿಗೆ ಬಂದು ಒಂಬತ್ತು ವರ್ಷವಾಗಿತ್ತು. ಅವಳನ್ನು ಕೂಗುತ್ತಿದ್ದ ಅವ್ವ ತೀರಿಕೊಂಡು ಮೂರು ವರ್ಷ.

ಆದ್ದರಿಂದ ಪಂಚಾಯಿತಿ ಲೈಬ್ರರಿಯಲ್ಲಿ ಬುಧವಾರ, ಶನಿವಾರ ಸಂಜೆ ಹೆಂಗಸರಿಗೆ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತಾರೆ ಎಂದು ಸುದ್ದಿ ಬಂದಾಗ ಎಲ್ಲರಿಗಿಂತ ಮುಂಚೆ ಹೆಸರು ಬರೆಸಿದವಳು ಅವಳೇ. ಇಂಗ್ಲಿಷಿನ ಮೇಲಿನ ಮೋಹದಿಂದಲ್ಲ. ವಾರದಲ್ಲಿ ಎರಡು ಸಂಜೆ ಕಳೆಯುತ್ತದಲ್ಲ ಎಂದು.

ಮೊದಲ ದಿನ ಹದಿನಾಲ್ಕು ಜನ ಬಂದಿದ್ದರು. ಬೆಂಚು ಸಾಲದೆ ಕೆಲವರು ನೆಲದ ಮೇಲೆ ಕೂತು, ಎ ಬಿ ಸಿ ಡಿಗೆ ಸೆರಗು ಬಾಯಿಗೆ ಹಿಡಿದು ನಕ್ಕು, ಮೇಷ್ಟ್ರಮ್ಮನ ಚೂಡಿದಾರದ ಬಣ್ಣ ನೋಡಿಕೊಂಡು ಹೋದರು. ಮೂರನೇ ವಾರಕ್ಕೆ ಉಳಿದದ್ದು ಇಬ್ಬರು: ಮೂವತ್ತೇಳರ ರೂಪಶ್ರೀ, ಮತ್ತು ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದ ಅದೇ ಊರಿನ ರಮ್ಯಶ್ರೀ. ಹೇಳಿಕೊಡುವ ಸುಧಾಳೂ ಇನ್ನೂ ಹುಡುಗಿಯೇ. ಹುಣಸೂರಿನಿಂದ ಬಸ್ಸಿನಲ್ಲಿ ಬಂದು, ಆರು ನಲವತ್ತರ ಬಸ್ಸಿಗೆ ವಾಪಸಾಗುತ್ತಿದ್ದಳು. ಆರೂವರೆ ಆದಮೇಲೆ ಅವಳ ಒಂದು ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು.

ಆಗಸ್ಟಿನ ಒಂದು ಬುಧವಾರ ಸುಧಾ ಬೋರ್ಡಿನ ಮೇಲೆ ಬರೆದ ಪದ ರೆಕೇಜ್.

"ಒಡೆದು, ಸುಟ್ಟು, ಕುಸಿದು ಹಾಳಾದ ಮೇಲೆ ಏನು ಉಳಿದಿರುತ್ತೋ ಅದು," ಎಂದಳು. "ಬಸ್ಸು ಗುದ್ದಿಕೊಂಡ ಮೇಲೆ ರಸ್ತೇಲಿ ಬಿದ್ದಿರುತ್ತಲ್ಲ, ಅದು. ಒಂದು ಲೋಟ ಒಡೆದರೆ ಈ ಪದ ಹಾಕೋ ಹಾಗಿಲ್ಲ. ದೊಡ್ಡದೇ ಹಾಳಾಗಿರಬೇಕು. ಈಗ ಒಂದೊಂದು ವಾಕ್ಯ ಹೇಳಿ. ಪುಸ್ತಕದ್ದು ಬೇಡ, ದಿನಾ ಮಾತಾಡೋ ಥರದ್ದು."

ರಮ್ಯಶ್ರೀ ಸಮುದ್ರದಲ್ಲಿ ಬಿದ್ದ ವಿಮಾನದ ರೆಕೇಜ್ ಸಿಕ್ಕಿತು ಎಂದಳು.

"ಸರಿ ಇದೆ. ಆದರೆ ನಿಮ್ಮೂರಿಗೆ ಸಮುದ್ರ ಎಲ್ಲಿಂದ ಬಂತು?" ಎಂದು ಸುಧಾ ನಕ್ಕು, ರೂಪಶ್ರೀಯ ಕಡೆ ತಿರುಗಿದಳು.

ರೂಪಶ್ರೀ ಕಿಟಕಿಯ ಹೊರಗೆ ನೋಡಿದಳು. ಶಾಲೆಯ ಹಿಂದಿನ ಹೊಲದ ಅಂಚಿನಲ್ಲಿ ನಾಲ್ಕು ಕರಿ ಗೋಡೆಗಳು ನಿಂತಿದ್ದವು. ಮಾಡು ಇರಲಿಲ್ಲ. ತಗಡಿನ ಕೊಳವೆಗಳು ಸೊಟ್ಟಗಾಗಿ ಬಾಗಿಲಿನಿಂದ ಹೊರಕ್ಕೆ ಚಾಚಿದ್ದವು. ಅವಳು ಅದನ್ನು ನೋಡುತ್ತಲೇ, ತಡವರಿಸದೆ ಹೇಳಿದಳು: "ದಟ್ ಈಸ್ ದ ರೆಕೇಜ್ ಆಫ್ ಸಿದ್ದಮಲ್ಲಪ್ಪಾಸ್ ಬ್ಯಾರನ್."

ಸುಧಾ ಖುಷಿಯಿಂದ ಚಪ್ಪಾಳೆ ತಟ್ಟಿದಳು. ತನಗೆ ಬೇಕಾಗಿದ್ದದ್ದು ಇದೇ, ಕಣ್ಣೆದುರಿನದು, ನಿತ್ಯದ್ದು ಎಂದಳು. ಶನಿವಾರಕ್ಕೆ ಅದೇ ಪದದ ಐದು ವಾಕ್ಯ ಬರೆದು ತರಬೇಕು ಎಂದು ಹೇಳಿ, ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ಆ ಬ್ಯಾರನ್‌ನ ಕಥೆ ಊರಿಗೆಲ್ಲ ಗೊತ್ತು. ಗೊತ್ತು ಎಂದು ಊರು ಅಂದುಕೊಂಡಿದೆ, ಅಷ್ಟೆ.

ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಒಂಟಿ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಆ ಕಡ್ಡಿಗಳನ್ನು ಒಳಗೆ ಅಂತಸ್ತು ಅಂತಸ್ತಾಗಿ ಮೇಲಿನಿಂದ ಕೆಳಕ್ಕೆ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿ ನೆಲದ ಕೊಳವೆಗಳಲ್ಲಿ ಓಡಾಡಿ, ಐದಾರು ದಿನಕ್ಕೆ ಸೊಪ್ಪು ಹೊಂಬಣ್ಣಕ್ಕೆ ಬರುತ್ತದೆ. ಕಟ್ಟುವ ಕೆಲಸ ಹೆಂಗಸರದು. ಇದಕ್ಕೆ ಕೂಲಿ ಇಲ್ಲ, ಮುಯ್ಯಾಳು. ಇವತ್ತು ನಿನ್ನ ಸೊಪ್ಪಿಗೆ ನಾನು, ನಾಳೆ ನನ್ನ ಸೊಪ್ಪಿಗೆ ನೀನು. ರೂಪಶ್ರೀಗೆ ಅಪ್ಪನಿಂದ ಬಂದ ಒಂದು ಎಕರೆ ಇತ್ತು. ಅದರ ಸೊಪ್ಪಿಗೆ ಆರು ಜನ ಹೆಂಗಸರು ಬರುತ್ತಿದ್ದರು. ಆ ಆರು ಮಂದಿಯ ಸೊಪ್ಪಿಗೆ ಅವಳು ಹೋಗುತ್ತಿದ್ದಳು. ಸೊಪ್ಪಿನ ಕಾಲ ಬಂದರೆ ಎರಡೂವರೆ ತಿಂಗಳು ಅವಳು ಒಂಟಿಯಲ್ಲ. ಹೊಂಗೆ ಮರದ ಕೆಳಗೆ ಗೋಣಿ ಹಾಸಿಕೊಂಡು ಕೂತು, ಕೈ ಸೊಪ್ಪಿನ ಅಂಟಿಗೆ ಕರ್ರಗಾಗುವ ತನಕ ಮಾತು, ನಗು, ಯಾರ ಮನೆಯದೋ ಚಾಡಿ. ವರ್ಷದ ಉಳಿದ ತಿಂಗಳುಗಳನ್ನು ಅವಳು ಅದನ್ನು ನೆನೆದುಕೊಂಡೇ ಕಳೆಯುತ್ತಿದ್ದಳು.

ಕಡ್ಡಿಯ ತುದಿಯಲ್ಲಿ ದಾರಕ್ಕೆ ಎರಡು ಗಂಟು ಹಾಕಬೇಕು. ಮೊದಲನೆಯದು ಹಿಡಿಯುತ್ತದೆ, ಎರಡನೆಯದು ಬಿಗಿಯುತ್ತದೆ. ಸೊಪ್ಪು ಒಣಗಿ ಸೊರಗಿದಾಗ ದಾರ ಸಡಿಲವಾಗುತ್ತದಲ್ಲ, ಆಗ ಕಾಯುವುದು ಆ ಎರಡನೇ ಗಂಟು. ಇದು ಊರಿನ ಎಂಟು ವರ್ಷದ ಹೆಣ್ಣುಮಗುವಿಗೂ ಗೊತ್ತು. ರೂಪಶ್ರೀಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಆದರೆ ಅವಳ ಕೈ ಬಲು ಚುರುಕು. "ರೂಪನ ಕೈ ಮಿಷಿನ್ ಕಣ್ರೇ," ಎಂದು ಗುಂಪಿಗೆ ಹಿರಿಯಳಾದ ಕುಳ್ಳಮ್ಮ ಒಂದು ದಿನ ಹೇಳಿದ್ದೇ ತಡ, ಅವಳನ್ನು ಅಂಚಿನಿಂದ ಎಬ್ಬಿಸಿ ನಡುವೆ ಕೂರಿಸಿದರು. ನಡುವೆ ಕೂತವಳಿಗೆ ಎಲ್ಲರ ಮಾತೂ ಕೇಳುತ್ತದೆ, ಎಲ್ಲರೂ ಅವಳ ಕಡೆ ತಿರುಗುತ್ತಾರೆ. ಗಂಡ ಬಿಟ್ಟವಳು ಎಂಬ ಹೆಸರಿನ ಬದಲು ಮಿಷಿನ್ ಎಂಬ ಹೆಸರು ಬಂತು. ಆ ಹೆಸರನ್ನು ಉಳಿಸಿಕೊಳ್ಳಲು, ಹೋದ ವರ್ಷ ಸಿದ್ದಮಲ್ಲಪ್ಪನ ಸೊಪ್ಪು ಕಟ್ಟುವ ದಿನ, ಉಳಿದವರೆಲ್ಲ ಕಾಫಿಗೆ ಎದ್ದರೂ ಅವಳು ಏಳಲಿಲ್ಲ. ಒಬ್ಬಳೇ ಕೂತು, ಎರಡನೇ ಗಂಟು ಬಿಟ್ಟು, ಒಂದೇ ಗಂಟಿನಲ್ಲಿ ಹದಿನೆಂಟು ಕಡ್ಡಿ ಕಟ್ಟಿ ಬಿಸಾಕಿದಳು. ಎಲ್ಲರೂ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಕೊನೆಗೆ ಕಟ್ಟಿದ ಕಡ್ಡಿಗಳು ಕೊನೆಗೇ ಒಳಗೆ ಹೋದವು. ಎಂದರೆ ಎಲ್ಲಕ್ಕಿಂತ ಕೆಳಗೆ, ಕೊಳವೆಗಳ ನೇರಕ್ಕೆ.

ನಾಲ್ಕನೇ ದಿನ ಮಧ್ಯಾಹ್ನ ಬ್ಯಾರನ್ ಹೊತ್ತಿಕೊಂಡಿತು.

ಒಲೆ ಕಾಯುತ್ತಿದ್ದವನು ಮಾದೇಶ. ಐವತ್ತು ದಾಟಿದವನು, ಥರ್ಮಾಮೀಟರು ನೋಡದೆ, ಬಾಗಿಲಿಗೆ ಅಂಗೈ ಇಟ್ಟೇ ಒಳಗಿನ ಬಿಸಿ ಎಷ್ಟೆಂದು ಹೇಳುತ್ತಿದ್ದವನು. ಅವನು ಕೂಗಿಕೊಂಡ, ಮರದ ಕೆಳಗೆ ಬೇರೆಯವರ ಸೊಪ್ಪು ಕಟ್ಟುತ್ತಿದ್ದ ರೂಪಶ್ರೀ ಮತ್ತು ಉಳಿದ ಹೆಂಗಸರು ಓಡಿದರು, ಗಂಡಸರು ಪಂಪ್‌ಸೆಟ್ಟಿಗೆ ಓಡಿದರು. ಒಣಗಿದ ಸೊಪ್ಪು ನೀರಿಗಾಗಿ ಕಾಯುತ್ತದೆಯೇ? ಅರ್ಧ ಗಂಟೆಯಲ್ಲಿ ಮಾಡು ಒಳಕ್ಕೆ ಬಿತ್ತು. ಬೂದಿ ಆರುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು: ಊಟ ಮಾಡಿ ಮಾದೇಶ ನಿದ್ದೆ ಹೊಡೆದಿದ್ದಾನೆ, ಬಿಸಿ ಏರಿದ್ದು ನೋಡಿಲ್ಲ. "ನಾನ್ ಮಲಗಿರ್ಲಿಲ್ಲ ಕಣ್ರಪ್ಪ, ಸೊಪ್ಪು ಕೊಳ್ವೆ ಮೇಲೆ ಬಿತ್ತು," ಎಂದು ಅವನು ಒಬ್ಬೊಬ್ಬರ ಮುಂದೆಯೂ ಹೇಳಿದ. ಒಲೆ ಕಾಯಲು ಅವನು ಒಪ್ಪಿಕೊಂಡಿದ್ದ ಬೇರೆ ಮೂರು ಬ್ಯಾರನ್‌ಗಳೂ ಕೈತಪ್ಪಿದವು. ಹೆಂಡತಿ ತಲೆ ಎತ್ತಲಾರದೆ ಹಂಪಾಪುರದ ಮಗಳ ಮನೆಗೆ ಹೋದಳು. ಅವನು ಭೇರ್ಯದ ಕಡೆ ಯಾವುದೋ ಆಲೆಮನೆಗೆ ಕಬ್ಬು ಹೊರಲು ಹೋದ ಎಂದು ಸುದ್ದಿ ಬಂತು. ಊರಲ್ಲಿ ತೂಕಡಿಸುವವರಿಗೆಲ್ಲ "ಏನ್ಲಾ, ಮಾದೇಶ ಆದಾ?" ಎನ್ನುವುದು ರೂಢಿಯಾಯಿತು.

ರೂಪಶ್ರೀ ಆ ಒಂದು ವರ್ಷ ಬಾಯಿ ಬಿಡಲಿಲ್ಲ. ಬಿಟ್ಟರೆ ಮುಯ್ಯಾಳು ಹೋಗುತ್ತದೆ, ನಡುವಿನ ಜಾಗ ಹೋಗುತ್ತದೆ. ಅದು ಹೋದರೆ ಅವಳಿಗೆ ಉಳಿಯುವುದು ಆ ಎರಡು ಕೋಣೆಯ ಮನೆ ಮತ್ತು ಸಂಜೆ ಐದು ಗಂಟೆ. ಅವಳನ್ನು ಕೆಟ್ಟವಳು ಎನ್ನುವುದು ಸುಲಭ. ಅವಳೇ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಹೋಮ್‌ವರ್ಕಿನ ಮೊದಲ ಮೂರು ವಾಕ್ಯ ಸಲೀಸಾಗಿ ಬಂದವು. ರೆಕೇಜ್ ಕಪ್ಪಗಿದೆ. ರೆಕೇಜ್ ಒಳಗೆ ಹಾವು ಇದೆ. ಸಿದ್ದಮಲ್ಲಪ್ಪ ಇನ್ನೂ ರೆಕೇಜ್ ತೆಗೆಸಿಲ್ಲ. ನಾಲ್ಕನೆಯದಕ್ಕೆ ಪೆನ್ನು ಒಂದು ಗಳಿಗೆ ನಿಂತಿತು. ಮಾದೇಶ ರೆಕೇಜ್ ಮುಂದೆ ನಿಂತು ಅತ್ತ. ಐದನೆಯದು ತಾನಾಗಿ ಬಂತು: "ದ ರೆಕೇಜ್ ಈಸ್ ಬಿಕಾಸ್ ಆಫ್ ಮೀ, ನಾಟ್ ಬಿಕಾಸ್ ಆಫ್ ಮಾದೇಶ." ಅದು ನನ್ನಿಂದಾದದ್ದು, ಮಾದೇಶನಿಂದಲ್ಲ. ಕನ್ನಡದಲ್ಲಿ ಒಂದು ವರ್ಷ ಗಂಟಲು ದಾಟದ ಮಾತು ಇಂಗ್ಲಿಷಿನಲ್ಲಿ ಒಂದು ಗೆರೆಯಷ್ಟು ಜಾಗದಲ್ಲಿ ಕೂತಿತು. ಬರೆದು ಅವಳು ಪುಸ್ತಕ ಮುಚ್ಚಿದಳು.

ಶನಿವಾರ ರಮ್ಯಶ್ರೀ ಪರೀಕ್ಷೆ ಎಂದು ಬರಲಿಲ್ಲ. ಇದ್ದದ್ದು ಇಬ್ಬರೇ. ಸುಧಾ ನೋಟ್‌ಬುಕ್ಕು ತೆಗೆದುಕೊಂಡು ಕೆಂಪು ಪೆನ್ನು ಹಿಡಿದಳು. ಒಂದು, ಎರಡು, ಮೂರು, ರೈಟು ಬಿದ್ದವು. ನಾಲ್ಕಕ್ಕೂ ಬಿತ್ತು. ಐದನೆಯದನ್ನು ಅವಳು ಬಾಯಿ ಬಿಟ್ಟು ಓದಿದಳು. ರೂಪಶ್ರೀ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಕೇಳುತ್ತಾಳೆ. ಮಾದೇಶ ಯಾರು ಎನ್ನುತ್ತಾಳೆ, ಏನಾಯಿತು ಎನ್ನುತ್ತಾಳೆ, ನಾನು ಎಲ್ಲ ಹೇಳಿಬಿಡುತ್ತೇನೆ.

"ಬಿಕಾಸ್ ಆಫ್ ಎಷ್ಟು ಚೆನ್ನಾಗಿ ಹಾಕಿದೀರ," ಎಂದಳು ಸುಧಾ. "ಐದಕ್ಕೆ ಐದೂ ಕರೆಕ್ಟು." ಕೆಳಗೆ ಒಂದು ನಕ್ಷತ್ರ ಬಿಡಿಸಿ, ಪುಸ್ತಕ ಮುಚ್ಚಿ ಕೊಟ್ಟಳು. ರಸ್ತೆಯಲ್ಲಿ ಹಾರನ್ ಆಯಿತು.

ಪಾಪ, ಸುಧಾಳದ್ದು ಏನು ತಪ್ಪು? ವಾಕ್ಯ ಸರಿಯಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ, ನೋಡಿದಳು. ಆದರೆ ರೂಪಶ್ರೀ ಲೈಬ್ರರಿಯ ಬೀಗ ಹಾಕುವವನು ಬಂದು "ಏಳವ್ವ" ಎನ್ನುವ ತನಕ ಅಲ್ಲೇ ಕೂತಿದ್ದಳು. ಹೇಳಿಯೂ ಆಯಿತು, ಯಾರಿಗೂ ಕೇಳಿಸಲೂ ಇಲ್ಲ. ಗುಟ್ಟು ಒಳಗಿದ್ದಾಗ ಕೂಡ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟು, ಒಲೆಯ ಮುಂದೆ ಕೂತು ಜೋರಾಗಿ ಅತ್ತಳು.

ಸೋಮವಾರ ಸಿದ್ದಮಲ್ಲಪ್ಪನ ಸೊಪ್ಪಿನ ಮುಯ್ಯಿ. ಅವನು ಹಳೆಯದರ ಪಕ್ಕದಲ್ಲೇ ಹೊಸ ಬ್ಯಾರನ್ ಕಟ್ಟಿಸಿದ್ದ. ಏಳು ಹೆಂಗಸರು ಮರದ ಕೆಳಗೆ ಕೂತರು. ರೂಪಶ್ರೀ ನಡುವೆ. ಹತ್ತು ಗಂಟೆಯ ಹೊತ್ತಿಗೆ ತುದಿಯಲ್ಲಿ ಕೂತಿದ್ದ ಮಲ್ಲಾಜಮ್ಮ ಆಕಳಿಸಿದಳು.

"ಯಾಕಮ್ಮಿ, ಮಾದೇಶ ಆದಾ?" ಎಂದಳು ಕುಳ್ಳಮ್ಮ. ಎಲ್ಲರೂ ನಕ್ಕರು.

"ಮಾದೇಶಣ್ಣ ಮಲಗಿರ್ಲಿಲ್ಲ," ಎಂದಳು ರೂಪಶ್ರೀ.

ಯಾರೂ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅವಳು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು.

"ನಾನ್ ಕಟ್ಟಿದ್ ಕಡ್ಡಿ ಕಣತ್ತೆ ಅದು. ನೀವೆಲ್ಲ ಕಾಫಿಗೆ ಓಗಿದ್ರಲ್ಲ, ಆಗ. ಹದಿನೆಂಟು ಕಡ್ಡಿಗೆ ಒಂದೊಂದೇ ಗಂಟು ಆಕ್ದೆ. ಕೆಳಗಡೆ ಅಂತಸ್ತಿಗೆ ಓಗಿದ್ದು ಅವೇಯ. ಸೊಪ್ಪು ಬಿದ್ದಿದ್ದು ನನ್ನಿಂದ."

ಎಲ್ಲರ ಕೈಗಳೂ ದಾರದ ಮೇಲೆ ನಿಂತವು. ಕುಳ್ಳಮ್ಮನ ಕೈ ಮಾತ್ರ ನಿಲ್ಲಲಿಲ್ಲ, ಅದು ಎಪ್ಪತ್ತು ವರ್ಷದ ಅಭ್ಯಾಸ. ಹಿಡಿದ ಕಡ್ಡಿ ಕಟ್ಟಿ ಮುಗಿಸಿ ಅವಳು ಕೇಳಿದಳು, "ಒಂದ್ ವರ್ಷ ಯಾಕ್ ಬಾಯಿ ಮುಚ್ಕಂಡಿದ್ದೆ?"

"ನೀವು ಕರಿಯಲ್ಲ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಮಲ್ಲಾಜಮ್ಮ ಕೈ ಚಾಚಿ, ಬೆಳಗ್ಗೆಯಿಂದ ರೂಪಶ್ರೀ ಕಟ್ಟಿಟ್ಟ ಕಡ್ಡಿಗಳಲ್ಲಿ ಒಂದನ್ನು ಎತ್ತಿಕೊಂಡು ತುದಿಯ ಗಂಟು ಎಳೆದು ನೋಡಿದಳು. ಪಕ್ಕದವಳು ಇನ್ನೊಂದು ಎತ್ತಿಕೊಂಡಳು. ಗಂಟುಗಳು ಗಟ್ಟಿಯಾಗಿದ್ದವು, ಎರಡೆರಡಿದ್ದವು. ಆದರೂ ಒಂದನ್ನೂ ಬಿಡದೆ ನೋಡಿದರು. ರೂಪಶ್ರೀ ಅಷ್ಟು ಹೊತ್ತೂ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಾ ಕೂತಿದ್ದಳು.

ಸುದ್ದಿ ಮುಟ್ಟಿ ಸಿದ್ದಮಲ್ಲಪ್ಪ ಬಂದು ನಿಂತ. ಒಳ್ಳೆಯ ಮನುಷ್ಯ, ಸಿಟ್ಟು ಮಾಡಲಿಲ್ಲ. ಹಳೆಯ ಗೋಡೆಗಳ ಕಡೆ ಒಂದು ಸಲ ನೋಡಿದ. "ಅವ್ನು ನನ್ ಕಾಲ್ ಇಡ್ಕಂಡಿದ್ದ ಕಣವ್ವ," ಎಂದ. "ನಾನ್ ಒದ್ಬುಟ್ಟಿದ್ದೆ." ಎಂದವನೇ ಹೊಸ ಬ್ಯಾರನ್ ಕಡೆ ಹೋದ.

ಮಂಗಳವಾರ ಕುಳ್ಳಮ್ಮನ ಮನೆಯ ಮುಯ್ಯಿ ಇತ್ತು. ರೂಪಶ್ರೀ ತಯಾರಾಗಿ ಕೂತಿದ್ದಳು, ಕರೆ ಬರಲಿಲ್ಲ. ಬುಧವಾರವೂ ಬರಲಿಲ್ಲ. ಗುರುವಾರ ನಲ್ಲಿಯ ಹತ್ತಿರ ಯಾರೋ, ಅವಳಿಗೆ ಕೇಳಿಸಲಿ ಎಂದೇ, ಆ ಮಾದೇಶನಿಗೂ ಇವಳಿಗೂ ಏನಿತ್ತೋ, ಇಲ್ಲದಿದ್ದರೆ ಇಷ್ಟು ದಿನ ಆದಮೇಲೆ ಯಾರಾದರೂ ತಪ್ಪು ಮೈಮೇಲೆ ಎಳೆದುಕೊಳ್ಳುತ್ತಾರೆಯೇ ಎಂದರು. ಇದು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಬಿಂದಿಗೆ ಅರ್ಧಕ್ಕೇ ಎತ್ತಿಕೊಂಡು ಬಂದಳು. ಅವಳ ಎಕರೆಯ ಸೊಪ್ಪು ಬಲಿತು ಹಳದಿಯಾಗುತ್ತಿತ್ತು. ಅಂಚಿನ ಎರಡು ಸಾಲು ಒಬ್ಬಳೇ ಮುರಿದು ತಂದು, ಒಬ್ಬಳೇ ಹಿತ್ತಲಲ್ಲಿ ಕೂತು ಕಟ್ಟಿದಳು. ದಿನವಿಡೀ ಒಂದು ಮಾತಿಲ್ಲ. ಸಂಜೆ ಕೆಮ್ಮಿದಾಗ ತನ್ನ ದನಿ ತನಗೇ ಹೊಸದು ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಅವಳು ಸೀರೆ ಉಟ್ಟು, ಬೀಗ ಹಾಕಿ, ಬಸ್ಸು ಹತ್ತಿದಳು. ಹುಣಸೂರಿನಲ್ಲಿ ಇಳಿದು ಕೆ.ಆರ್. ನಗರದ ಬಸ್ಸು, ಅಲ್ಲಿಂದ ಭೇರ್ಯದ ಬಸ್ಸು. ಕೆಂಪು ನೆಲ ಮುಗಿದು ನಾಲೆ, ಗದ್ದೆ, ಕಬ್ಬು ಶುರುವಾಯಿತು. ಭೇರ್ಯದಲ್ಲಿ ಇಳಿದು ವಿಚಾರಿಸಿದರೆ ಮೂರು ಆಲೆಮನೆ ಹೇಳಿದರು. ಎರಡನೆಯದರಲ್ಲಿ ಅವನಿದ್ದ.

ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದ. ಸೊರಗಿ ಅರ್ಧವಾಗಿದ್ದ. ಕೊಪ್ಪರಿಗೆಯ ಕೆಳಗಿನ ಒಲೆ ದೂರದಲ್ಲಿ ಉರಿಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಬೇರೆ ಯಾರೋ. ಅವಳನ್ನು ಕಂಡು ಮಾದೇಶ ಟವಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದ.

"ಯಾರಾದ್ರೂ ಓಗ್ಬುಟ್ರಾ?" ಎಂದ ಮೊದಲಿಗೆ. ಊರಿನಿಂದ ತನ್ನನ್ನು ಹುಡುಕಿಕೊಂಡು ಬರಲು ಬೇರೆ ಕಾರಣ ಅವನಿಗೆ ಹೊಳೆಯಲಿಲ್ಲ.

ಇಲ್ಲ ಎಂದಳು. ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಕಾಫಿಯ ಹೊತ್ತು, ಹದಿನೆಂಟು ಕಡ್ಡಿ, ಒಂದೇ ಗಂಟು, ಕೆಳಗಿನ ಅಂತಸ್ತು. ಊರಿನವರ ಮುಂದೆಯೂ ಹೇಳಿದೆ ಎಂದಳು. ಅವನು ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿದಳು.

ಮಾದೇಶ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ತಲೆ ಅಲ್ಲಾಡಿಸಿದ.

"ಬುಡವ್ವ," ಎಂದ. "ನೀನ್ಯಾಕೆ ಮೈಮೇಲೆ ಆಕ್ಕತೀಯ. ನಾನೇ ಮಲಗ್ಬುಟ್ಟಿದ್ದೆ."

ತಗ್ಗಿಸಿದ್ದ ತಲೆಯನ್ನು ಅವಳು ಎತ್ತಿದಳು.

"ಮೊದಮೊದ್ಲು ಇಲ್ಲ ಅಂತಿದ್ದೆ. ಎಲ್ರೂ ಯೋಳಿದ್ರು. ಎಂಡ್ರೂ ಯೋಳಿದ್ಲು. ಇಷ್ಟ್ ಜನ ಸುಳ್ಳ್ ಯೋಳ್ತಾರಾ? ಆಮೇಲ್ ಕುಂತ್ಕಂಡ್ ಯೋಚ್ನೆ ಮಾಡ್ದೆ. ರೆಪ್ಪೆ ಎಳ್ದಿರ್ಬೇಕು, ನಂಗೇ ಗೊತ್ತಾಗಿಲ್ಲ. ಅದುಕ್ಕೇ ಇಲ್ಲಿ ಒಲೆ ತಕ್ಕೆ ಓಗಲ್ಲ ನಾನು. ಕರುದ್ರು, ಆಗಲ್ಲ ಅಂದೆ."

ಆಗ ರೂಪಶ್ರೀಗೆ ತಾನು ಸುಟ್ಟದ್ದು ಏನನ್ನು ಎಂದು ತಿಳಿಯಿತು. ಗೋಡೆ ಮಾಡು ಇರಲಿ, ಅವನ್ನು ಸಿದ್ದಮಲ್ಲಪ್ಪ ಮತ್ತೆ ಕಟ್ಟಿಕೊಂಡ. ಈ ಮನುಷ್ಯನಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆಯನ್ನೇ ಅವಳ ಮೌನ ತಿಂದುಹಾಕಿತ್ತು. ಊರಿನಲ್ಲಿ ಅವಳಿಗೆ ಬಂದ ಒಂಟಿತನ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಇಲ್ಲ ಮಾದೇಶಣ್ಣ. ನೀನ್ ಕೂಗ್ದಾಗ ನಾನ್ ಮೊದ್ಲು ಬ್ಯಾರನ್ ಕಡೆ ನೋಡ್ದೆ. ಒಂದ್ ಚೂರೂ ಒಗೆ ಬಂದಿರ್ಲಿಲ್ಲ. ಮಲಗಿದ್ದೋನಿಗೆ ಒಗೆ ಬಂದಮ್ಯಾಕಲ್ವಾ ಎಚ್ರಾಗೋದು? ನೀನ್ ಬಾಗ್ಲು ಕಿಂಡೀಲಿ ಒಳಕ್ಕೆ ನೋಡ್ತಾ ಇದ್ದೆ. ಸೊಪ್ಪು ಬಿದ್ದಿದ್ನ ನೀನೇ ಕಂಡು ಕೂಗ್ದೆ."

ಗಾಣ ಸುತ್ತುತ್ತಿತ್ತು. ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ.

"ಒಗೆ ಬಂದಿರ್ಲಿಲ್ವಾ?"

"ಬಂದಿರ್ಲಿಲ್ಲ."

"ನನ್ ಕಣ್ಣು ಬುಟ್ಟೇ ಇತ್ತು ಅಂತೀಯ?"

"ಬುಟ್ಟೇ ಇತ್ತು."

ಮಾದೇಶ ಅಲ್ಲೇ ಸಿಪ್ಪೆಯ ಮೇಲೆ ಕೂತ. ಟವಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವಳ ಮುಖ ನೋಡಲಿಲ್ಲ, ನೆಲವನ್ನೇ ನೋಡುತ್ತಾ ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಇನ್ನೊಂದ್ ಸಲ ಯೋಳವ್ವ."

ರೂಪಶ್ರೀ ಅವನೆದುರು ಕೂತು, ಮೊದಲಿನಿಂದ ಹೇಳತೊಡಗಿದಳು.